ಆದೋನಿಯಲ್ಲಿ ಉಲ್ಕೆ ಎಣಿಸಿದ ರಾತ್ರಿ

ಮೊದಲು ಜೇಬು ತೋರಿಸ್ರಿ, ಅಂದ ತಿಕ್ಕಪ್ಪ.
ಬೆಂಕಿಪೊಟ್ಟಣ, ಲೈಟರು, ಬೀಡಿ?
ಎಂಟನೇ ಕ್ಲಾಸಿನ ಹನ್ನೊಂದು ಮಕ್ಕಳು
ಸಾಲಾಗಿ ನಿಂತು ಜೇಬಿನ ಬಟ್ಟೆ ಹೊರಗೆಳೆದರು:
ಹುಣಸೆಬೀಜ, ಬಸ್ ಚೀಟಿ, ಅರ್ಧ ಬಳಪ.
ನನ್ನ ಕೈಚೀಲವನ್ನೂ ಅವನು ಬಿಡಲಿಲ್ಲ.

ಊರಲ್ಲಿ ಕತ್ತಲು ಉಳಿದದ್ದು ಇದೊಂದೇ ಕಡೆ,
ಜಿನ್ನಿಂಗ್ ಮಿಲ್ಲಿನ ಗೋದಾಮಿನ ಮಾಳಿಗೆ.
ವೈರು ಸುಟ್ಟೀತೆಂದು ಇಲ್ಲಿ ದೀಪವನ್ನೇ ಹಾಕಿಲ್ಲ.
ಕೆಳಗೆ ನಾಲ್ಕು ಸಾವಿರ ಹತ್ತಿ ಬೇಲು,
ಮೇಲೆ ನಾವು, ಕಂಬಳಿ ಹೊದ್ದು,
ನಮ್ಮ ಮೇಲೆ ಮಿಥುನ ರಾಶಿ.

ಗಾದಿಲಿಂಗ ಕತ್ತಲಲ್ಲೇ ಲೆಕ್ಕ ಬರೆದ,
ಬಿದ್ದ ಒಂದಕ್ಕೆ ಒಂದು ಗೀಟು.
ಮರುದಿನ ನೋಡಿದರೆ ಗೀಟೆಲ್ಲ
ತೆಲುಗಿನ ತಲೆಕಟ್ಟಿನ ಹಾಗೆ ಬಲಕ್ಕೆ ಚಿಮ್ಮಿದ್ದವು.
ಈ ಊರಲ್ಲಿ ಕೈ ಹಾಗೇ ಓಡುತ್ತದೆ.

ಒಂದೊಂದು ಗೀರಿಗೂ ಮಕ್ಕಳು ಹೋ ಎಂದರು.
ಒಂದೊಂದಕ್ಕೂ ತಿಕ್ಕಪ್ಪ ಎದ್ದ.
ಅದು ಇಳಿದ ದಿಕ್ಕಿಗೆ ಹೋಗಿ, ಕಟ್ಟೆಗೆ ಹೊಟ್ಟೆಯೂರಿ,
ಕೆಳಗೆ ಬಗ್ಗಿ, ಗಾಳಿ ಮೂಸಿ, ಮರಳಿ ಬಂದು ಕೂತ.
ಮತ್ತೆ ಎದ್ದ.
ಅದು ಐವತ್ತು ಮೈಲಿ ಮೇಲೇ ಉರಿದು ಹೋಗುತ್ತದಪ್ಪ,
ರಾಗಿಕಾಳಿನಷ್ಟು ಧೂಳು, ಎಂದೆ.
“ಕಿಡಿ ಎಷ್ಟು ದಪ್ಪ ಇರ್ತೈತ್ರಿ, ಟೀಚರಮ್ಮಾ?”

ಉತ್ತರ ತೋಚದೆ ಪಾಠಕ್ಕೆ ತಿರುಗಿದೆ.
ಆ ಕೆಂಪನೆಯದು ನೋಡಿ, ಆರಿದ್ರಾ.
ಸೂರ್ಯನ ಜಾಗದಲ್ಲಿ ಅದನ್ನಿಟ್ಟರೆ
ನಮ್ಮ ಭೂಮಿ ಅದರ ಹೊಟ್ಟೆಯೊಳಗೆ.
ಮುದಿಯಾಗಿದೆ. ಸಿಡಿಯುತ್ತದೆ. ಯಾವಾಗೆಂದು ಯಾರಿಗೂ ಗೊತ್ತಿಲ್ಲ.
ಸಿಡಿದೇ ಹೋಗಿ ಸುದ್ದಿ ದಾರಿಯಲ್ಲಿರಲೂಬಹುದು.
ಈಗ ನಿಮ್ಮ ಕಣ್ಣಿಗೆ ಬಿದ್ದ ಬೆಳಕು ಅಲ್ಲಿಂದ ಹೊರಟಾಗ
ಆ ಬೆಟ್ಟದ ಕೋಟೆಗೆ ಯಾರೋ ಕಲ್ಲು ಹೊರುತ್ತಿದ್ದರೇನೋ.

ತಿಕ್ಕಪ್ಪ ಮಂಕಿಟೋಪಿ ಕಿವಿಯಿಂದ ಮೇಲೆ ಸರಿಸಿದ.
“ಆರಿದ್ರಾ ಅಂದ್ರ ಮಳಿ ಅಲ್ಲೇನ್ರಿ?
ಅದು ಹನಿ ಹಾಕಿದ ಮ್ಯಾಲೇ ನಮ್ಮಪ್ಪ ಕೂರಿಗಿ ಹೂಡ್ತಿದ್ದ.
ಅದು ಉರೀತೈತಾ?”
ಉರಿಯುತ್ತದೆ.
“ಹೆಸರು ಮಾತ್ರ ಒದ್ದಿ.”
ಸ್ವಲ್ಪ ಹೊತ್ತು ಬಿಟ್ಟು,
“ಹಂಗಾದ್ರ, ಅದು ಸಿಡಿದು ಹೋದ ವರ್ಷ ಮಳಿ?”
ಶಾಕಿರಾ ಕಿಸಕ್ಕೆಂದಳು.
ಬೇರೆ ಯಾರೂ ನಗಲಿಲ್ಲ.

ಆಮೇಲೆ ಪಾಠ ಅವನದಾಯಿತು.
ಕೆಳಗಿಳಿಸಿ, ಸಾಲಿನ ನಡುವೆ ನಿಲ್ಲಿಸಿ
ಉದ್ದನೆಯ ಕಬ್ಬಿಣದ ಸರಳನ್ನು
ಒಂದು ಬೇಲಿನ ಎದೆಗೆ ಒತ್ತಿ ಒತ್ತಿ ಇಳಿಸಿದ.
ನೂರು ಎಣಿಸಿರಿ ಅಂದ. ಎಣಿಸಿದೆವು,
ಗಾದಿಲಿಂಗ ಎಂಬತ್ತರ ಹತ್ತಿರ ತೆಲುಗಿಗೆ ಜಾರಿದ.
ಸರಳನ್ನೆಳೆದು ಗಲ್ಲಕ್ಕೆ ತಾಗಿಸಿಕೊಂಡ.
“ಕೈ ದಡ್ಡು ಬಿದ್ದಿರ್ತೈತಿ, ಸುಳ್ಳು ಹೇಳ್ತೈತಿ.
ಗಲ್ಲ ಹೇಳಂಗಿಲ್ಲ.”

ಒತ್ತಿ ಕಟ್ಟಿದ ಬೇಲಿನೊಳಗೆ ಒಂದು ಕಿಡಿ
ಎಂಟು ದಿನ, ಹತ್ತು ದಿನ ಬದುಕಿರುತ್ತದಂತೆ.
ಹೊಗೆಯಿಲ್ಲ, ವಾಸನೆಯಿಲ್ಲ, ಮೇಲೆ ಮುಟ್ಟಿದರೆ ಬೆಣ್ಣೆ.
ಲಾರಿ ಹತ್ತಿ, ರಾಜ್ಯ ದಾಟಿ,
ಯಾರದೋ ಅಂಗಳದಲ್ಲಿ ಬಾಯಿ ತೆರೆದದ್ದುಂಟಂತೆ.
ಮೂರನೇ ಗೋದಾಮಿನ ಗೋಡೆ ಆಳೆತ್ತರ ಕಪ್ಪಾಗಿತ್ತು.
ಅದರ ಕಥೆ ಅವನು ಹೇಳಲಿಲ್ಲ,
ನಾವೂ ಕೇಳಲಿಲ್ಲ.

ಮಕ್ಕಳ ಗಲ್ಲವೆಲ್ಲ ಮುಗಿದ ಮೇಲೆ ಸರಳು ನನಗೆ ಬಂತು.
ತಣ್ಣಗಿತ್ತು. ಎಷ್ಟು ತಣ್ಣಗೆಂದರೆ
ಮೇಲೆ ಕಾಣುವ ಉರಿಗೂ ನನಗೂ ನಡುವೆ
ಇರುವುದೆಲ್ಲ ಇದೇ ಏನೋ ಅನ್ನಿಸಿತು.
ಆರಿದ್ರಾಕ್ಕೆ ಚುಚ್ಚಿ ನೋಡಲು ಸರಳಿಲ್ಲ.
ಅಷ್ಟು ವರ್ಷದಿಂದ ಪಾಠ ಮಾಡುತ್ತಿದ್ದೇನೆ,
ಇದ್ದದ್ದನ್ನೋ, ಆರಿಹೋದದ್ದನ್ನೋ.

ನಾಲ್ಕೂವರೆಗೆ ಪಾಳಿ ಬದಲಾಯಿತು.
ಲೆಕ್ಕ ನೂರಾ ನಲವತ್ತಮೂರು.
ಮಂಜಿನಲ್ಲಿ ಮಕ್ಕಳನ್ನು ನಡೆಸಿಕೊಂಡು ಹೊರಟಾಗ
ಗೇಟು ದಾಟಿ, ರಸ್ತೆ ದಾಟಿ,
ಹುಣಸೆಮರದಾಚೆ, ಅವನ ಲೆಕ್ಕಕ್ಕೆ ಸಾಕಷ್ಟು ದೂರ ಹೋಗಿ
ತಿಕ್ಕಪ್ಪ ಬೀಡಿ ಹಚ್ಚಿದ.
ಕೆಂಪನೆಯದೊಂದು ಮಿನುಗಿ, ಕುಗ್ಗಿ, ಮತ್ತೆ ಮಿನುಗಿತು.

ಗಾದಿಲಿಂಗ ನಿಂತು
ಅದಕ್ಕೂ ಒಂದು ಗೀಟು ಹಾಕಿದ.