ಎರಡು ಥೌ

ಬೈತಖೋಲದ ಬಂದರಿನಲ್ಲಿ ನನ್ನ ಲೇತು
ದೋಣಿಯ ಶಾಫ್ಟು ಬಿಟ್ಟು ಬೇರೇನೂ ಕಂಡಿದ್ದಲ್ಲ.
ಕೈಗಾ ಬಸ್ಸಿನ ಕಂಡಕ್ಟರು, ಸುಲಕ್ಷಾ ತಾಂಡೇಲ,
ಟಿಕೆಟ್ ಚೀಲದಿಂದ ತೆಗೆದಿಟ್ಟಳು
ಒಂದು ಗಾಳಿ ಪಿಸ್ತೂಲು,
ಹಳೇ ಪೇಪರಿನಲ್ಲಿ ಸುತ್ತಿದ ಹೊಸ ನಳಿಕೆ.
"ಎರಡು ತಿಂಗಳ ಓವರ್‌ಟೈಮು, ಪಾವ್ಲು ಮಾಮ.
ಕೂಡುತ್ತಾ ನೋಡು."

ಕೂಡಲಿಲ್ಲ. ಎರಡು ಥೌ ದಪ್ಪ.
ಇಂಚನ್ನು ಸಾವಿರ ಸೀಳು ಮಾಡಿ
ಎರಡನ್ನು ಎತ್ತಿಟ್ಟರೆ ಎಷ್ಟೋ ಅಷ್ಟು.
ಅವಳದೇ ತಲೆಗೂದಲೊಂದನ್ನು ಅಳೆದು ತೋರಿಸಿದೆ: ಮೂರು.
ಕೂದಲಿಗಿಂತ ತೆಳ್ಳಗಿನ ತಕರಾರು.

ಹಳೆಯದರ ಬಾಯಿ ನೋಡಿದೆ, ಭೂತಗನ್ನಡಿಯಲ್ಲಿ.
ಉಪ್ಪುಗಾಳಿ ತಿಂದು ಅಂಚಿನಲ್ಲೊಂದು ಮುಕ್ಕು.
"ಗುಂಡು ಹೊರಡುವಾಗ ಕೊನೆಗೆ ಮುಟ್ಟುವುದು ಈ ತುಟಿಯನ್ನೇ.
ಇಲ್ಲಿ ಎಡವಿದರೆ ದಾರಿಯುದ್ದಕ್ಕೂ ಕುಂಟು."
"ನಮ್ಮ ಡ್ರೈವರನ ಹಾಗೆ," ಅಂದಳು,
"ಹೆಂಡತಿ ಹತ್ತಿರ ಜಗಳಾಡಿ ಬಂದ ದಿನ
ಮಲ್ಲಾಪುರದ ತನಕ ಬ್ರೇಕೇ ಬ್ರೇಕು."

ಎಮರಿ ಕಾಗದ, ಎಣ್ಣೆ, ಮತ್ತೆ ಎಮರಿ. ನಾಲ್ಕು ಸಂಜೆ.
ಕೂತ ಮೇಲೆ ಬೆರಳಲ್ಲಿ ಅಲುಗಿಸಿದೆ. ಆಟ ಇಲ್ಲ.
ನಮ್ಮ ಕಸುಬಿನಲ್ಲಿ ಸಡಿಲಕ್ಕೆ ಆಟ ಅನ್ನುತ್ತೇವೆ.
ಆಟಕ್ಕೆ ಹೋಗುವವಳಿಗೆ ಆಟವಿಲ್ಲದ್ದನ್ನು ಮಾಡಿಕೊಟ್ಟೆ.

ಐಸ್ ಫ್ಯಾಕ್ಟರಿಯ ಹಿಂದಿನ ಓಣಿ. ಟೇಪು ಹಿಡಿದು ಹತ್ತು ಮೀಟರು.
ಮೀನಿನ ಥರ್ಮಾಕೋಲ್ ಡಬ್ಬಿಗೆ ಮರಳು ತುಂಬಿ
ಮೇಲೆ ಗುರಿಯ ಕಾಗದ.
ಪಿಸ್ತೂಲನ್ನು ವೈಸಿಗೆ ಕಚ್ಚಿಸಿದೆ, ಹಲ್ಲಿನ ನಡುವೆ ರಬ್ಬರು ಕೊಟ್ಟು.
ಹಳೇ ನಳಿಕೆಯ ಐದು ಗುಂಡು ಮೊನ್ನೆ
ಹೀಗೇ ವೈಸಿನಲ್ಲಿದ್ದೂ ಚೆಲ್ಲಿದ ಎಳ್ಳಿನ ಹಾಗೆ ಬಿದ್ದಿದ್ದವು.
ಈಗ ಐದೂ ಸೇರಿ
ಬಂಗಡೆಯ ಒಂದು ಕಣ್ಣು.

ಆಮೇಲೆ ಅವಳೇ ಕೈಯಲ್ಲಿ ಹಿಡಿದಳು.
ತೂಗುವ ಬಸ್ಸಿನಲ್ಲಿ ಕಂಬ ಹಿಡಿಯದೆ ನಿಲ್ಲುವ ಕಾಲು.
ಹತ್ತು. ಹತ್ತು. ಒಂಬತ್ತು. ಹತ್ತು.
ಐದನೆಯದು ಬಲಕ್ಕೆ ಜಾರಿ
ಆರಕ್ಕೆ.

ನಾನು ಮುಖ ತಿರುಗಿಸಿದೆ. ಎರಡು ತಿಂಗಳ ಓವರ್‌ಟೈಮು.
ಅವಳೋ ಕಾಗದ ಕಿತ್ತು ತಂದು, ಬಿಸಿಲಿಗೆ ಹಿಡಿದು, ನಕ್ಕಳು:
"ಇಷ್ಟು ವರ್ಷ ಗೊತ್ತೇ ಆಗುತ್ತಿರಲಿಲ್ಲ, ತಪ್ಪು ಯಾರದು ಅಂತ.
ಇದು ನನ್ನದು, ಮಾಮ. ಹೆಬ್ಬೆರಳು ಒತ್ತಿತು,
ಟಿಕೆಟ್ ಮಷೀನು ಒತ್ತಿದ ಹಾಗೆ."
ಬಂಗಾರ ಸಿಕ್ಕಿದವಳ ಹಾಗೆ
ಆ ಆರನ್ನು ಮಡಚಿ ಚೀಲಕ್ಕೆ ಹಾಕಿಕೊಂಡಳು.

ನಾಲ್ಕೂ ಹತ್ತರ ಬಸ್ಸಿಗೆ ಓಡುವ ಗಡಿಬಿಡಿಯಲ್ಲಿ
ಕೂಲಿ ಕೊಡಲು ಅವಳು ಮರೆತಳು, ಕೇಳಲು ನಾನು.
ಹಳೇ ನಳಿಕೆ ಇಲ್ಲೇ ಇದೆ, ಗ್ರೀಸಿನ ಡಬ್ಬಿಯಲ್ಲಿ.

ಮೂವತ್ತೊಂದು ವರ್ಷ ನಾನು ಹೇಳುತ್ತ ಬಂದದ್ದು:
ದೋಣಿ ನಡುಗಿದರೆ ಅದು ನೀರಿನ ಸೆಳೆತ,
ದೇವಬಾಗದ ತಿರುವಿನಲ್ಲಿ ಯಾರದು ನಡುಗುವುದಿಲ್ಲ, ಹೇಳು.

ರವಿವಾರ ಇಗರ್ಜಿ ಮುಗಿಸಿ
ಡಯಲ್ ಗೇಜು ಹಿಡಿದು ಧಕ್ಕೆಗೆ ಹೋದೆ.
ಗಣಬಾ ಹರಿಕಂತ್ರ ಬಲೆಯಿಂದ ತಲೆಯೆತ್ತಿದ:
"ಏನು, ಕರೆಯದೇ ಬಂದೆ?"
"ಶಾಫ್ಟು ಒಮ್ಮೆ ನೋಡಬೇಕಿತ್ತು."
ಕೈಯಿಂದ ಮೆಲ್ಲಗೆ ತಿರುಗಿಸಿದೆ.
ಮುಳ್ಳು ಎರಡನ್ನು ದಾಟಿತು.
ಹತ್ತನ್ನೂ.