ನಾಲ್ಕು ಮೀಟರ್

ನೆಲಕ್ಕೆ ಹಳದಿ ಪಟ್ಟಿ ಅಂಟಿಸುತ್ತೇನೆ,
ಇಲ್ಲಿಂದ ಅಲ್ಲಿಗೆ, ನಾಲ್ಕು ಮೀಟರ್.
ದಿನಾ ನಡೆಯುವ ಹಾಗೆ ನಡೆಯಿರಿ, ಅವಸರ ಬೇಡ,
ಎನ್ನುತ್ತೇನೆ. ಗಡಿಯಾರ ಒತ್ತುತ್ತೇನೆ.
ಸಾಂತಿಯಾಗೋದ ಮುದಿ ಕಾಲುಗಳ ಲೆಕ್ಕ
ಈ ಬೇಸಿಗೆಗೆ ನನ್ನ ಸಂಬಳ.

ಸೋಮವಾರ ಬೆಟ್ಟದ ಕಡೆಯ ಬಡಾವಣೆ.
ಡಾನ್ ಲಿಸಾಂದ್ರೊ, ಎಂಬತ್ತೊಂದು.
ಮೊಣಕಾಲಲ್ಲಿ ಹೊಸ ಲೋಹ, ಬಾಯಲ್ಲಿ ಹಳೆ ಹಾಸ್ಯ.
ಮನೆಯ ಗೇಟು ದಾಟಿದರೆ ಎರಡೂ ಬದಿಯ ಮರಗಳು
ತಲೆ ಕೂಡಿಸಿ ಪಿಸುಗುಟ್ಟುವ ರಸ್ತೆ,
ಐವತ್ತು ಹೆಜ್ಜೆಗೊಂದು ಬೆಂಚು,
ಕೊಳ, ಕೊಳದಲ್ಲಿ ಕರಿಕತ್ತಿನ ಹಂಸ,
ಹಂಸಕ್ಕೂ ಒಂದು ಹೆಸರು.
ಮೂರೂಮುಕ್ಕಾಲು ಸೆಕೆಂಡು.
‘ಇನ್ನೊಮ್ಮೆ ನಡೆದು ತೋರಿಸಲೇ?’ ಎಂದರು.

ಬುಧವಾರ ತೆಂಕಣ ತುದಿ.
ಮೆಟ್ರೋ ಮುಗಿದಲ್ಲಿ ಬಸ್ಸು, ಬಸ್ಸು ಮುಗಿದಲ್ಲಿ ಧೂಳು.
ನಕ್ಷೆಯಲ್ಲಿ ಹಸಿರು ಬಳಿದ ಚೌಕವೊಂದಿದೆ.
ಹೋಗಿ ನೋಡಿದೆ: ಎರಡು ಗೋಲು ಕಂಬ, ಸುಟ್ಟ ಸೋಫಾ.
ನಾಯಿಯೂ ಮಲಗುವುದಿಲ್ಲ ಅಲ್ಲಿ.

ಎಡೆಲ್ಮಿರಾ ಕಾತ್ರಿಲೆಯೋ, ಅರವತ್ತೇಳು.
ಏಳು ಸೆಕೆಂಡು. ನಡುವೆ ಒಮ್ಮೆ ಗೋಡೆ ಹಿಡಿದರು,
ಹಿಡಿದದ್ದಕ್ಕೆ ಕ್ಷಮಿಸು ಎಂದರು,
ನನಗೋ ಗೋಡೆಗೋ ತಿಳಿಯಲಿಲ್ಲ.

ದಿನಾ ಎಲ್ಲಿ ನಡೆಯುತ್ತೀರಿ?
ಹನ್ನೆರಡನೆಯ ಪ್ರಶ್ನೆ.
ನಕ್ಕರು. ಹಲ್ಲು ಕಡಿಮೆ, ನಗು ಪೂರ್ತಿ.
‘ಡಾಕ್ಟರು ಚೀಟಿ ಬರೆದಿದ್ದಾರೆ ಮಗಳೇ,
ಈ ಮಾತ್ರೆ ಬೆಳಿಗ್ಗೆ, ಇದು ರಾತ್ರಿ,
ಮರದ ಕೆಳಗೆ ಅರ್ಧ ಗಂಟೆ ನಡಿಗೆ.
ಮಾತ್ರೆ ಆಸ್ಪತ್ರೆಯಲ್ಲಿ ಪುಕ್ಕಟೆ.
ಮರ ಯಾವ ಕಿಟಕಿಯಲ್ಲಿ ಕೊಡುತ್ತಾರೆ?’

ಮೂವತ್ತೊಂದು ವರ್ಷ ಅವರು ದುಡಿದದ್ದು ಅಲ್ಲೇ,
ಎರಡು ಬಸ್ಸು ಒಂದು ರೈಲು ದಾಟಿ
ಆ ಕೊಳದ ಪಕ್ಕದ ಬೀದಿಯಲ್ಲಿ.
ಮೊದಲು ಒಡತಿಯ ಮಗುವನ್ನು ತಳ್ಳುಗಾಡಿಯಲ್ಲಿ,
ಆಮೇಲೆ ಒಡತಿಯ ತಾಯಿಯನ್ನು ಗಾಲಿಕುರ್ಚಿಯಲ್ಲಿ,
ಅದೇ ನೆರಳಲ್ಲಿ.
‘ಹಾಗಾದರೆ ನಡೆದಿದ್ದೇನೆ, ಬರಕೋ.’

ಅಲ್ಲೊಂದು ಕಿಯಾಯ್ ಸಸಿ ನೆಟ್ಟಿದ್ದರು,
ಸೀಗೆಯ ಹಾಗೆ ನೊರೆ ಬಿಡುವ ತೊಗಟೆಯದು,
ಅಜ್ಜಿ ಅದರಲ್ಲೇ ತಲೆ ತೊಳೆಯುತ್ತಿದ್ದಳಂತೆ.
ಹೋದ ವರ್ಷ ಮರ ನೋಡಲು ಹೋಗಿ
ಬೆಂಚಿನ ಮೇಲೆ ಕೂತರಂತೆ.
ಕಾವಲಿನ ಹುಡುಗ ಬಂದ, ಮರ್ಯಾದೆಯಿಂದಲೇ ಕೇಳಿದ:
‘ಅಮ್ಮಾ, ನೀವು ಯಾರ ಮನೆಯವರು?’
‘ಏನು ಹೇಳಲಿ. ಎದ್ದು ಬಂದೆ.
ಮರ ಚೆನ್ನಾಗಿದೆ.’

ನಿಲ್ದಾಣದವರೆಗೆ ಬಿಡಲು ಬಂದರು.
ಜನವರಿಯ ಸಂಜೆ ಐದೂವರೆ, ಇನ್ನೂ ಕಾದ ಹೆಂಚು.
ಸೂರಿಲ್ಲ, ಬರೀ ದೀಪದ ಕಂಬ.
ಗೇಣಗಲದ ನೆರಳು ಉದ್ದಕ್ಕೆ ಬಿದ್ದಿತ್ತು ನೆಲದ ಮೇಲೆ,
ಅದರೊಳಗೆ ಒಬ್ಬರ ಹಿಂದೊಬ್ಬರು ಐದು ಜನ ಮುದುಕರು
ಶಾಲೆಯ ಸಾಲಿನಂತೆ, ಭುಜ ಕುಗ್ಗಿಸಿ.
ನೆರಳು ಸರಿದ ಹಾಗೆ ಸಾಲೂ ಸರಿಯುತ್ತಿತ್ತು,
ಯಾರೂ ಯಾರಿಗೂ ಹೇಳದೆ, ಒಂದೊಂದೇ ಅಂಗುಲ.

‘ಬನ್ನಿ’ ಎಂದು ಒತ್ತರಿಸಿ
ನಮ್ಮಿಬ್ಬರಿಗೂ ಜಾಗ ಮಾಡಿದರು.
ತುದಿಯಲ್ಲಿದ್ದವರ ಟೋಪಿ
ಬಿಸಿಲಿಗೆ ಬಿತ್ತು.

ಸೆಕೆ, ಬೆವರು, ಯಾರದೋ ಕರ್ಪೂರದ ಮುಲಾಮು.
ಟೊಮೆಟೊ ಬೆಲೆ. ಒಬ್ಬರ ಮಗಳ ಹೆರಿಗೆ.
ಆಮೇಲೆ ಬಸ್ಸು ಬಂತು.
ಹತ್ತಿದವಳು ನಾನೊಬ್ಬಳೇ.

ಹಿಂದಿನ ಗಾಜಿನಲ್ಲಿ ನೋಡಿದೆ:
ಸಾಲು ಒಂದು ಹೆಜ್ಜೆ ಮುಂದೆ ಬಂದು
ಆ ಟೋಪಿಯನ್ನು ಒಳಗೆ ಕರೆದುಕೊಂಡಿತು.