ಎರಡನೇ ಶಿಫ್ಟಿನವರು ಊಟಕ್ಕೆ ಹೋದದ್ದು

ಚೀಟಿ ಮುಗಿದು ಉಳಿದದ್ದು ನಾಲ್ಕು ಸಾವಿರದ ಇನ್ನೂರು.
ಐದು ಜನ ಹಂಚಿಕೊಂಡರೆ ಒಂದು ಒಳ್ಳೆ ಚಪ್ಪಲಿಯೂ ಬರದು,
ತಿಂದೇ ತೀರಿಸೋಣ ಅಂದಳು ಜಬೀನಾ.
ಎಲ್ಲಿ?
ಬಾಗಲೂರು ರಸ್ತೆ, ಟೈಲ್ಸ್ ಅಂಗಡಿಯ ಮಾಳಿಗೆ,
ಅರ್ಧಕ್ಕೇ ಕತ್ತರಿಸಿದ ನೀಲಿ ಪರದೆಯ ಬಾಗಿಲು.
ಕಂಪನಿಯ ದೊರೆಗಳು ಕಾರಿಳಿದು
ತಲೆ ತಗ್ಗಿಸಿ ಒಳಗೆ ಹೋಗುವ ಜಾಗ.
ಆರು ವರ್ಷ ಬಸ್ಸಿನ ಕಿಟಕಿಯಿಂದಲೇ ನೋಡಿದ್ದು.

ಚಪ್ಪಲಿ ಬಿಡಬೇಕೋ ಬೇಡವೋ ಎಂದು ನಾವು ನಿಂತಾಗಲೇ
ಪುಟ್ಟಚೆನ್ನಮ್ಮ ಬಿಟ್ಟು, ಹೊಸಿಲು ಮುಟ್ಟಿ
ಕಣ್ಣಿಗೊತ್ತಿಕೊಂಡೂ ಆಗಿತ್ತು.

ಪಟ್ಟಿಯಲ್ಲಿ ತಮಿಳು, ಇಂಗ್ಲಿಷು,
ಮತ್ತೆ ಅವರ ಗುಬ್ಬಿಗೂಡಿನಂಥ ಅಕ್ಷರ.
ನಮ್ಮದಿಲ್ಲ. ಇಲ್ಲದ್ದೇನು ಹೊಸತಲ್ಲ,
ಹೊಸೂರಿನಲ್ಲಿ ನಮ್ಮ ಅಕ್ಷರ ಇರುವುದು
ಕೆರೆ ಏರಿಯ ಕಲ್ಲಿನಲ್ಲಿ,
ಬೆಂಗಳೂರಿಂದ ಬರುವ ಬಸ್ಸಿನ ಹಣೆಯಲ್ಲಿ.
ಚಿತ್ರದ ಮೇಲೆ ಬೆರಳಿಟ್ಟೆವು.
ಆರು ಉಂಡೆಗೆ ನಾನೂರ ಎಂಬತ್ತು.
ತೇಜೋವತಿಗೆ ಸೌತೆಕಾಯಿಯದು;
ದುಡ್ಡು ಮಾತ್ರ ಮೀನಿನದೇ.

ಸ್ಪೂನ್ ತರಲಾ ಅಂದ ಮಣಿಪುರದ ಹುಡುಗ,
ನಮ್ಮನ್ನು ನೋಡಿ ಪಾಪ ಅನಿಸಿರಬೇಕು.

ದಿನಕ್ಕೆ ಎಂಟು ಗಂಟೆ
ಭೂತಗನ್ನಡಿಯ ಕೆಳಗೆ ಉಸಿರು ಬಿಗಿಹಿಡಿದು
ಕೂದಲಿಗಿಂತ ತೆಳು ಸುರುಳಿಯನ್ನು ಚಿಮಟದಲ್ಲೆತ್ತಿ
ಸಾಸಿವೆಯಷ್ಟು ಗೂಡಿಗೆ ಇಳಿಸುವವರು ನಾವು.
ಈ ಕಡ್ಡಿ ನಮಗೆ ಯಾವ ಲೆಕ್ಕ!
ಮುನಿರತ್ನ ತಟ್ಟೆಯಿಂದ ಒಂದೇ ಒಂದು ಎಳ್ಳನ್ನು ಎತ್ತಿ
ದೀಪಕ್ಕೆ ಹಿಡಿದು, ಆ ಕಡೆ ಈ ಕಡೆ ತಿರುಗಿಸಿ
ರಿಜೆಕ್ಟ್ ಅಂದು ಪಕ್ಕಕ್ಕಿಟ್ಟಳು.

ಪಕ್ಕದ ಮೇಜಿನ ಮುದುಕರೊಬ್ಬರು
ಬಾಯಿಗೆ ಹೊರಟ ಶಾವಿಗೆಯನ್ನು ಅಲ್ಲೇ ನಿಲ್ಲಿಸಿದರು.
ನಮ್ಮ ಟ್ರೈನಿಂಗಿಗೆ ಬಂದವರ ಹಾಗೇ ಇದ್ದರು, ಅವರಲ್ಲ.
ಆತ ಕಲಿಸಿದ್ದು ಒಂದೇ ಮಾತು:
ಸುರುಳಿ ಜಾರಿದಾಗಲೆಲ್ಲ, ಬೈಯದೆ, ಮೊ ಇಚಿದೊ.
ಇನ್ನೊಂದ್ಸಲ.
ಸೆಲ್ವಿ ಖಾಲಿ ತಟ್ಟೆ ತೋರಿಸಿ ಹುಡುಗನಿಗೆ
ಗತ್ತಿನಿಂದ ಅದನ್ನೇ ಅಂದಳು, ಮೊ ಇಚಿದೊ.
ಅವನಿಗೆ ತಿಳಿಯಲಿಲ್ಲ.
ಮುದುಕರು ನಗುತ್ತ ನಗುತ್ತ ಕನ್ನಡಕ ತೆಗೆದು ಒರೆಸಿಕೊಂಡರು.

ಅಷ್ಟರಲ್ಲಿ ಪುಟ್ಟಚೆನ್ನಮ್ಮ ಕಡ್ಡಿ ಕೆಳಗಿಟ್ಟಳು:
ಹೊಟ್ಟೆಗೂ ಚಿಮಟದಲ್ಲೇ ಹಾಕಬೇಕೇನ್ರೇ?

ಬೆರಳಿನ ಜಿಡ್ಡು ತಾಗಿದರೆ ಮಾಲು ಕೆಡುತ್ತದಂತೆ.
ಲೈನಿನಲ್ಲಿ ಹತ್ತು ಬೆರಳಿಗೂ ರಬ್ಬರಿನ ಟೋಪಿ.
ಈಗ ಬರಿಬೆರಳಿಗೆ ಅನ್ನ ತಾಗಿತು,
ತಣ್ಣಗೆ, ಅಂಟಂಟು,
ರಾತ್ರಿಯ ತಂಗಳು ಬೆಳಗಿಗೆ ತಿರುಗುವಾಗಿನ
ಸಣ್ಣ ಹುಳಿ.
ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

ಮೂಲೆಯ ಹಸಿರು ಮುದ್ದೆಯನ್ನು
ಕೊತ್ತಂಬರಿ ಚಟ್ನಿ ಅಂದುಕೊಂಡು
ಮುನಿರತ್ನ ಇಡಿಯಾಗಿ ಬಾಯಿಗೆ ಹಾಕಿಕೊಂಡಳು.
ಮೂಗು ಕೆಂಪು, ನೆತ್ತಿಗೆ ಬೆಂಕಿ, ಕಣ್ಣಲ್ಲಿ ಹೊಳೆ.
ಮೇಜು ತಟ್ಟಿ ನಕ್ಕೆವು.
ಅರೆ ನಿಮಿಷಕ್ಕೆ ಇಳಿಯುತ್ತದೆ ಅಂದ ಹುಡುಗ.
ಖಾರ ಇಳಿಯಿತು.
ಅವಳ ಕಣ್ಣು ನಿಲ್ಲಲಿಲ್ಲ.

ಹೋದ ತಿಂಗಳು ಕಂಪನಿಯ ಕಣ್ಣು ಪರೀಕ್ಷೆಯಲ್ಲಿ
ಅವಳಿಗೆ ಕೆಳಗಿನ ಎರಡು ಸಾಲು ಬರಲಿಲ್ಲ.
ಒಂದನೇ ತಾರೀಕಿನಿಂದ ಪ್ಯಾಕಿಂಗಿಗೆ.
ಅಲ್ಲಿ ಚಿಮಟವಿಲ್ಲ, ಟೇಪು, ರಟ್ಟು,
ಎರಡು ಸಾವಿರ ಕಡಿಮೆ.
ಗೊತ್ತಿದ್ದ ನಾವು ನಾಲ್ವರೂ
ಖಾರವನ್ನೇ ಬೈದೆವು.
ಜಬೀನಾ ನೀರಿನ ಲೋಟ ಸರಿಸಿದಳು.

ಬಿಲ್ಲು ನೂರೈವತ್ತು ಜಾಸ್ತಿ ಬಂತು,
ಪುಟ್ಟಚೆನ್ನಮ್ಮನ ಕುಪ್ಪಸದೊಳಗಿನ ಪರ್ಸಿನಿಂದ ಹೋಯಿತು.
ಕಡ್ಡಿ ಒಯ್ಯಬಹುದಾ ಎಂದು ಮುನಿರತ್ನ ಕೇಳಿದಳು.
ಬಿಸಾಡುವುದೇ ಅಕ್ಕಾ, ಅಂದ.
ಒರೆಸಿ, ಕಾಗದದ ಕವಚಕ್ಕೆ ಮತ್ತೆ ತೂರಿಸಿ
ಬ್ಯಾಗಿಗಿಟ್ಟುಕೊಂಡಳು.

ಮೆಟ್ಟಿಲಿಳಿಯುವಾಗ ನನ್ನ ಮೊಣಕೈ ಹಿಡಿದಳು,
ಹಿಡಿದಿದ್ದು ಗೊತ್ತಾಗದಷ್ಟು ಹಗುರಕ್ಕೆ;
ಸುರುಳಿ ಎತ್ತುವ ಹಿಡಿತ.

ಸ್ಟ್ಯಾಂಡಿನಲ್ಲಿ ದೂರಕ್ಕೊಂದು ಬಸ್ಸು ತಿರುಗಿತು.
ತಳಿಯದಾ ನೋಡೇ, ಅಂದಳು.
ಬೋರ್ಡು ನನಗೂ ಕಾಣುತ್ತಿರಲಿಲ್ಲ.
ಹೂಂ, ತಳಿಯದೇ, ಅಂದೆ.